ಬೆಲ್ಲದ ಜಿಗುಟು

ನಾನು ಒಂದು ಹಿತ್ತಾಳೆಯ ಕ್ಯಾನು. ಔಷಧಿ ಹೊಡೆಯುವ ಕ್ಯಾನು. ಹುಟ್ಟಿದ ದಿನದಿಂದ ನನ್ನನ್ನು ಹಾಗೆಯೇ ಕರೆದರು. ನನ್ನೊಳಗೆ ತುಂಬಿದ್ದನ್ನು ವಿಷವೆಂದು ಯಾರೂ ಕರೆಯಲಿಲ್ಲ. ಕರೆದಿದ್ದರೆ ನಾನು ಸ್ವಲ್ಪ ಎಚ್ಚರವಾಗಿರುತ್ತಿದ್ದೆನೋ ಏನೋ. ತಪ್ಪು ಮಾಡಿದವರೆಲ್ಲ ಕೊನೆಗೆ ಹೀಗೇ ಹೇಳುತ್ತಾರೆ. ಆದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ನಾಗಮಂಗಲದ ಕಡೆಯ ಒಂದು ಕಂಚುಗಾರರ ಬೀದಿಯಲ್ಲಿ ನಾನು ಹುಟ್ಟಿದೆ. ನನ್ನನ್ನು ಮಾಡಿದವರು ವೀರಾಚಾರಿ ಎಂಬ ಮುದುಕರು. ಕುಲುಮೆಗೆ ಬೆಂಕಿ ಹಾಕುವ ಮುಂಚೆ ಅದಕ್ಕೆ ಮೂರು ಸಲ ಕೈಮುಗಿಯುತ್ತಿದ್ದರು. ಅದೇ ವಾರ ಅವರ ಕೈಯಿಂದ ಹನ್ನೆರಡು ತಂಬಿಗೆಗಳು, ಎರಡು ಆರತಿ ತಟ್ಟೆಗಳು, ಒಂದು ಗಂಟೆ ಹೊರಬಂದವು. ನಾವೆಲ್ಲ ಒಂದೇ ಗೋಡೆಗೆ ಒರಗಿ ಕೂತಿದ್ದೆವು. ಮುದುಕರು ಪ್ರತಿಯೊಬ್ಬರನ್ನೂ ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಒಂದೊಂದು ಮಾತು ಹೇಳುತ್ತಿದ್ದರು. ನನ್ನ ಸರದಿ ಬಂದಾಗ, "ನೀನು ತೋಟಕ್ಕೆ ಹೋಗೋನು. ತುಂಬಿದ್ದನ್ನ ಸೋರಿಸ್ಬ್ಯಾಡ," ಎಂದರು.

ನಲವತ್ತು ವರ್ಷ ನಾನು ಸೋರಲಿಲ್ಲ. ಹುಟ್ಟಿಸಿದವನ ಮಾತು ಉಳಿಸಿಕೊಂಡೆನೆಂದು ಬಹುಕಾಲ ಹೆಮ್ಮೆಪಟ್ಟೆ.

ನನ್ನನ್ನು ಕೊಂಡವರು ತುಮಕೂರಿನ ಹೊರಗೆ ದ್ರಾಕ್ಷಿ ತೋಟ ಮಾಡಿದ್ದ ಒಬ್ಬ ಗೌಡರು. ಆದರೆ ಗೌಡರ ಕೈ ನನ್ನನ್ನು ಮುಟ್ಟಿದ್ದು ಬಂದ ದಿನ ಮಾತ್ರ. ಹೆಗಲಿಗೆ ಏರಿಸಿಕೊಂಡವನು ಅವರ ತೋಟದ ಆಳು ಮೂಡ್ಲಗಿರಿಯಪ್ಪ. ಆಗ ಅವನಿಗೆ ಇಪ್ಪತ್ತೈದು. ಕಡ್ಡಿಯಂಥ ಮೈ, ದೊಡ್ಡ ಪಾದ. ಬೆಳಗಿನ ತಂಪಿನಲ್ಲಿ ಮೈಲುತುತ್ತ, ಸುಣ್ಣ ಕಲಸಿ ನನಗೆ ತುಂಬುವನು. ಕೊನೆಗೆ ಪಂಚೆಯ ಗಂಟು ಬಿಚ್ಚಿ ಒಂದು ಉಂಡೆ ಬೆಲ್ಲ ತೆಗೆಯುವನು. ಅದರಿಂದ ಒಂದು ಚೂರು ಮುರಿದು ದೂರದ ಬೆಟ್ಟದ ಮೇಲಿನ ದೇವರ ಕಡೆ ತೋರಿಸಿ, "ರಂಗಪ್ಪಾ, ನಿಂದು," ಎಂದು ಬಳ್ಳಿಯ ಬುಡಕ್ಕೆ ಹಾಕುವನು. ಇನ್ನೊಂದು ಚೂರು ಬಾಯಿಗೆ. ಮಿಕ್ಕಿದ್ದೆಲ್ಲ ನನ್ನೊಳಗೆ.

ಬೆಲ್ಲ ಹಾಕಿದರೆ ಔಷಧಿಗೆ ಜಿಗುಟು ಬರುತ್ತದೆ. ಮಳೆ ಬಂದರೂ ಎಲೆ ಬಿಟ್ಟು ಜಾರುವುದಿಲ್ಲ. ಇದನ್ನು ಅವನಿಗೆ ಅವನಪ್ಪ ಹೇಳಿಕೊಟ್ಟಿದ್ದ. ಆ ತುತ್ತದ ನೀಲಿ ನನ್ನ ಕೊರಳ ಕೆಳಗೆ ಒಂದು ತಗ್ಗಿನಲ್ಲಿ ಕೂತು ಅಂಗೈಯಗಲದ ಕಲೆಯಾಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ತೋಟದ ಸುಖ ಹದಿನಾರು ವರ್ಷ. ಒಂದು ದಿನ ಗೌಡರು ಬಳ್ಳಿಗಳನ್ನು ಬುಡಸಮೇತ ಕೀಳಿಸಿದರು. ಬಿಳಿ ಬಣ್ಣದ ಕಲ್ಲುಗಳು ಬಂದವು, ದಾರ ಬಂತು, ರಸ್ತೆ ಬಂತು. 'ದ್ರಾಕ್ಷಿತೋಟ ಬಡಾವಣೆ' ಎಂಬ ಕಮಾನು ಎದ್ದಿತು. ದ್ರಾಕ್ಷಿ ಮಾತ್ರ ಇರಲಿಲ್ಲ. "ಇದನ್ನ ನೀನೇ ಇಟ್ಕಳಪ್ಪ, ಇನ್ನು ನಂಗ್ಯಾಕೆ," ಎಂದು ಗೌಡರು ನನ್ನನ್ನು ಮೂಡ್ಲಗಿರಿಯಪ್ಪನಿಗೆ ಕೊಟ್ಟರು.

ಹೊಸ ಮನೆಗಳು ಎದ್ದಂತೆ ಒಂದು ವಿಷಯ ಗೊತ್ತಾಯಿತು. ಬಳ್ಳಿ ಹೋಗಿತ್ತು, ಗೆದ್ದಲು ಹೋಗಿರಲಿಲ್ಲ. ಅದು ಮಣ್ಣಿನ ಮನೆಯೊಡತಿ, ಎಲ್ಲಿಗೆ ಹೋದೀತು? ತೇಗದ ಬಾಗಿಲು ಬಂದವೆಂದು ಸಂತೋಷಪಟ್ಟು ಗೋಡೆ ಹತ್ತಿತು. ಮೂಡ್ಲಗಿರಿಯಪ್ಪ ಒಂದು ಹಳೆಯ ಮೊಪೆಡ್ಡು ಕೊಂಡ. ಅದರ ಮುಂದೆ ತಗಡಿನ ಮೇಲೆ, 'ಗೆದ್ದಲು, ಜಿರಳೆ, ತಿಗಣೆ, ಇರುವೆ: ಮೂಡ್ಲಗಿರಿಯಪ್ಪ' ಎಂದು ಬರೆಸಿದ. ಓದಿದವರು, "ಇದರಲ್ಲಿ ಮೂಡ್ಲಗಿರಿಯಪ್ಪ ಯಾವ ಜಾತಿ ಹುಳಾನಯ್ಯ?" ಎಂದು ನಗುವರು. ಅವನೂ ನಗುವನು.

ನಾನು ಮನೆಗಳನ್ನು ಕೆಳಗಿನಿಂದ ಕಂಡವನು. ಸಿಂಕಿನ ಅಡಿ, ಮಂಚದ ಅಡಿ, ಫ್ರಿಜ್ಜಿನ ಬೆನ್ನು. ಮೇಲೆ ಎಷ್ಟೇ ಹೊಳೆಯಲಿ, ಕೆಳಗೆ ಎಲ್ಲರ ಮನೆಯೂ ಒಂದೇ. ಆದರೆ ಜನರಿಗೆ ನಾಚಿಕೆ.

"ನಮ್ಮನೇಲಿ ಜಿರಳೆ ಇರ್ಲೇ ಇಲ್ಲ ಕಣ್ರೀ. ಪಕ್ಕದ ಮನೆಯಿಂದ ಬರ್ತವೆ," ಎನ್ನುವರು ಒಬ್ಬರು.

ಪಕ್ಕದ ಮನೆಗೆ ಹೋದರೆ, "ಅವರ ಮನೆಯಿಂದಾನೇ ಬರೋದು, ಹೇಳ್ಬೇಡಿ ಮತ್ತೆ," ಎನ್ನುವರು.

"ಹೂಂ ತಾಯಿ, ಜಿರಳೆಗೆ ಸ್ವಂತ ಮನೆ ಇಲ್ಲ," ಎನ್ನುವನು ಮೂಡ್ಲಗಿರಿಯಪ್ಪ.

ನನ್ನನ್ನು ಒಳಗೆ ತರುವಾಗ ಯಾರಿಗೂ ಕಾಣದಂತೆ ಗೋಣಿಚೀಲ ಹೊದಿಸಿ ತಾ ಎಂದು ಒಬ್ಬಾಕೆ ಹೇಳಿದ ಮೇಲೆ, ಆ ಗೋಣಿಯೇ ನನ್ನ ಉಡುಪಾಯಿತು. ಮುಖ ಮುಚ್ಚಿಕೊಂಡು ಮನೆ ಹೊಗುವ ಅಭ್ಯಾಸ ನನಗೆ ಬಂದದ್ದು ಹಾಗೆ.

ಆ ಬಡಾವಣೆಯ ಪ್ರತಿ ಹೊಸ ಮನೆಗೂ ನಮ್ಮಂತೆಯೇ ಹೋಗುತ್ತಿದ್ದವರು ಇನ್ನಿಬ್ಬರು. ಸಣ್ಣಲಿಂಗಮ್ಮ, ಅವಳ ಹಸು ಕೌಲೆ. ಸಣ್ಣಲಿಂಗಮ್ಮನ ಮನೆ ಬಡಾವಣೆಯ ಅಂಚಿನಲ್ಲಿತ್ತು. ಹೆಂಚಿನ ಮನೆ, ಕಳ್ಳಿ ಬೇಲಿ. ಗಂಡ ಸತ್ತು ಬಹಳ ದಿನವಾಗಿತ್ತು. ಹೊಸ ಮನೆಗೆ ಮನುಷ್ಯರು ಕಾಲಿಡುವ ಮುಂಚೆ ಹಸು ಕರು ಒಳಗೆ ಹೋಗಿ ಬರಬೇಕಲ್ಲ! ಹಾಗಾಗಿ ಗೃಹಪ್ರವೇಶ ಎಂದರೆ ಮೊದಲ ಕರೆ ಸಣ್ಣಲಿಂಗಮ್ಮನಿಗೆ. ಅವಳು ಮುಂಜಾನೆ ಕೌಲೆಯ ಮೈ ತೊಳೆದು, ಕೊಂಬಿಗೆ ಅರಿಶಿನ ಹಚ್ಚಿ, ತಾನೂ ಮಡಿಸೀರೆ ಉಟ್ಟು ಹೊರಡುವಳು. ಆ ಹಸು ನುಣುಪು ಟೈಲ್ಸಿನ ಮೇಲೆ ಗೊರಸು ಜಾರದಂತೆ ಹೆಜ್ಜೆಯಿಡುವುದನ್ನು ಕಲಿತಿತ್ತು. ಓಲಗದ ಸದ್ದು ಕೇಳಿದರೆ ಕಿವಿ ನಿಮಿರಿಸಿ ತಾನೇ ಗೂಟದಿಂದ ಎದ್ದು ನಿಲ್ಲುತ್ತಿತ್ತು. ಒಳಗೆ ಸಗಣಿ ಹಾಕಿದರಂತೂ ಮನೆಯವರು, "ಲಕ್ಷ್ಮಿ ಒಲಿದಳು!" ಎಂದು ಚಪ್ಪಾಳೆ ತಟ್ಟುವರು.

"ನಮ್ಮನೇಲಿ ಸಗಣಿ ಹಾಕಿದ್ರೆ ಸಾರಿಸ್ಬೇಕು, ಇವರ ಮನೇಲಿ ಹಾಕಿದ್ರೆ ಲಕ್ಷ್ಮಿ ನೋಡಪ್ಪ," ಎಂದು ಸಣ್ಣಲಿಂಗಮ್ಮ ಮೂಡ್ಲಗಿರಿಯಪ್ಪನ ಹತ್ತಿರ ನಗುವಳು. ಅವನು ಅವಳನ್ನು ಅಕ್ಕ ಎಂದೇ ಕರೆಯುವನು. ದಾರಿಯಲ್ಲಿ ಕಂಡರೆ ಮೊಪೆಡ್ಡು ನಿಲ್ಲಿಸದೆ ಹೋದವನಲ್ಲ. ನಾವು ಮನೆಯನ್ನು ಹುಳುವಿನಿಂದ ಕಾಯುವವರು, ಕೌಲೆ ಕಣ್ಣಿಗೆ ಕಾಣದ್ದರಿಂದ ಕಾಯುವವಳು ಎಂದು ನಾನು ಎಣಿಸಿದ್ದೆ. ಒಂದೇ ಕೆಲಸದವರೆಂಬ ಸಲಿಗೆ.

ಇನ್ನು ಹೇಳಬೇಕಾದ್ದನ್ನು ಹೇಳುತ್ತೇನೆ.

ಬ್ಯಾಂಕಿನಿಂದ ನಿವೃತ್ತರಾದ ಶಾಂತವೀರಪ್ಪನವರು ಕಮಾನಿನ ಪಕ್ಕದಲ್ಲೇ ಮಹಡಿ ಮನೆ ಕಟ್ಟಿಸಿದರು. ಅವರ ಹೆಂಡತಿ ವಿಶಾಲಾಕ್ಷಮ್ಮನಿಗೆ ದೇವರ ಕೋಣೆಯ ಬಾಗಿಲುವಾಡದ ಮೇಲೆ ಪ್ರಾಣ. ಅದರ ತುಂಬ ಕೆತ್ತನೆ. ಬಳ್ಳಿ, ಗಿಳಿ, ಗಂಟೆಗಳ ಸಾಲು. ಗೃಹಪ್ರವೇಶದ ಹಿಂದಿನ ಮಧ್ಯಾಹ್ನ ಅದರ ಬುಡದಲ್ಲಿ ಮಣ್ಣಿನ ಒಂದು ಗೆರೆ ಕಂಡಿತು. ಗೆದ್ದಲು! ಆಕೆ ಅಳುವುದೊಂದು ಬಾಕಿ. ಮೂಡ್ಲಗಿರಿಯಪ್ಪನಿಗೆ ಕರೆ ಹೋಯಿತು.

ಅವನು ಬಂದು ಬಗ್ಗಿ ನೋಡಿದ. "ಹೊಡೀಬೋದು ತಾಯಿ. ಆದ್ರೆ ಮೂರು ದಿನ ಬಾಗ್ಲು ಹಾಕ್ಬೇಕಾಯ್ತದೆ."

"ಮೂರು ದಿನ ಎಲ್ಲಿಂದ ತರ್ಲಿ? ನಾಳೆ ಬೆಳಗ್ಗೆನೇ ಮುಹೂರ್ತ. ಇನ್ನೂರು ಜನಕ್ಕೆ ಹೇಳಿದೀವಿ. ಈ ಮಣ್ಣು ಗೆರೆ ಇಟ್ಕೊಂಡು ದೇವರನ್ನ ಹೆಂಗೆ ಕೂರಿಸ್ಲಿ, ಹೇಳಿ?"

ಅವನು ತಲೆ ಕೆರೆದುಕೊಂಡ.

"ನಾಳೆ ಹಸು ಒಳಗೆ ಬರುತ್ತೆ. ಏನೂ ಆಗಲ್ವಾ?" ಎಂದು ಆಕೆಯೇ ಕೇಳಿದರು. ಕೇಳಿದ್ದು ನಿಜ.

ಇನ್ನೂರು ಜನರ ಊಟ, ಆಕೆಯ ತುಂಬಿದ ಕಣ್ಣು, ಇಷ್ಟು ವರ್ಷದಿಂದ 'ಆಗಲ್ಲ' ಎಂದು ಯಾರಿಗೂ ಹೇಳದ ಅವನ ನಾಲಗೆ, ಇಷ್ಟೂ ಸೇರಿ ಉತ್ತರ ಕೊಟ್ಟಿತು. "ಒಣಗಿದ್ರೆ ಏನೂ ಇಲ್ಲ ತಾಯಿ."

ಪಾಲಿಷ್ ಹಾಕಿದ ನುಣುಪು ಮರ. ಔಷಧಿ ನಿಲ್ಲದೆ ಜಾರಿ ಕೆಳಗೆ ಬಂತು. ಅವನು ಎರಡು ಸಲ ಹೊಡೆದು ನೋಡಿದ. ಆಮೇಲೆ ಅಡಿಗೆಯವರು ಇಳಿಸಿದ್ದ ಸಾಮಾನಿನ ಕಡೆ ಹೋಗಿ ಒಂದು ಅಚ್ಚು ಬೆಲ್ಲ ಕೇಳಿ ತಂದ. ದ್ರಾಕ್ಷಿ ತೋಟದ ಬುದ್ಧಿ. ಅಪ್ಪ ಹೇಳಿಕೊಟ್ಟದ್ದು. ನನ್ನೊಳಗೆ ಬೆಲ್ಲ ಕರಗಿತು. ಆ ಸಲ ಬೆಟ್ಟದ ಕಡೆ ತೋರಿಸುವುದನ್ನು ಅವನು ಮರೆತ. ಗಿಳಿಗಳ ಕೊಕ್ಕಿನಲ್ಲಿ, ಬಳ್ಳಿಗಳ ಸಂದಿಯಲ್ಲಿ, ಹೊಸ್ತಿಲ ಮೂಲೆಯಲ್ಲಿ ನನ್ನ ವಿಷ ಸಿಹಿಯಾಗಿ ಅಂಟಿಕೊಂಡು ನಿಂತಿತು. ಸಂಜೆಯಾಗಿತ್ತು, ನನ್ನನ್ನು ಮೆಟ್ಟಿಲ ಕೆಳಗೆ ಗೋಣಿ ಹೊದಿಸಿ ಬಿಟ್ಟು, "ನಾಳೆ ಊಟಕ್ಕೆ ಬಂದಾಗ ತಗಂಡೋಗ್ತೀನಿ," ಎಂದು ಹೋದ. ಗೋಣಿಯಲ್ಲಿ ಒಂದು ತೂತಿತ್ತು. ದೇವರ ಕೋಣೆ ಅದರ ಎದುರಿಗೇ ಇತ್ತು; ಓರೆಗೆ ಮುಂಬಾಗಿಲೂ ಅಂಗಳವೂ ಕಾಣುತ್ತಿದ್ದವು.

ಬೆಳಿಗ್ಗೆ ಓಲಗ ಊದಿತು. ಹೊಸ್ತಿಲಲ್ಲಿ ವಿಶಾಲಾಕ್ಷಮ್ಮ ಹಿತ್ತಾಳೆಯ ತಂಬಿಗೆಯಿಂದ ಕೌಲೆಯ ಗೊರಸಿಗೆ ನೀರೆರೆದರು. ಆ ತಂಬಿಗೆ ನನ್ನ ಕುಲದ್ದು. ಹೊಳಪು ನೋಡಿದರೆ ತಿಳಿಯುತ್ತದೆ. ಕೌಲೆ ಒಳಗೆ ಬಂದಳು. ಹಿಂದೆ ಅವಳ ಕರು ಚುಕ್ಕಿ, ಎರಡು ತಿಂಗಳದು, ಹಣೆಯ ಮೇಲೆ ಬಿಳಿ ಬೊಟ್ಟು. ತಾಯಿಗೆ ಬಾಳೆಲೆಯ ಮೇಲೆ ಅಕ್ಕಿ ಬೆಲ್ಲ ಇಟ್ಟರು. ಎಲ್ಲರ ಕಣ್ಣೂ ತಾಯಿಯ ಮೇಲೆ. ಕರು ದೇವರ ಕೋಣೆಯ ಬಾಗಿಲಿಗೆ ಹೋಯಿತು. ಗಿಳಿಯನ್ನು ನೆಕ್ಕಿತು. ಸಿಹಿ ಹತ್ತಿತು. ಮತ್ತೆ ನೆಕ್ಕಿತು.

"ನೋಡ್ರೀ, ಕರು ದೇವರ ಬಾಗ್ಲಿಗೇ ಮುತ್ತಿಡ್ತಾ ಇದೆ!" ಎಂದು ಯಾರೋ ಹೆಂಗಸು ಕೂಗಿದರು. ಫೋಟೋ ತೆಗೆದರು.

ನನಗೆ ಬಾಯಿರಲಿಲ್ಲ. ಬಾಯಿದ್ದ ಮೂಡ್ಲಗಿರಿಯಪ್ಪ ಹೊಸ್ತಿಲಾಚೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದ. ಅವನೂ ನೋಡಿದ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಷ್ಟೇ.

ಪೂಜೆ ಮುಗಿಯುವ ಹೊತ್ತಿಗೆ ಚುಕ್ಕಿ ಅಂಗಳದ ರಂಗೋಲಿಯ ಮೇಲೆ ನಡುಗುತ್ತ ನಿಂತಿತ್ತು. ಬಾಯಲ್ಲಿ ನೊರೆ. ಮುಂಗಾಲು ಮಡಿಸಿತು. ಸಣ್ಣಲಿಂಗಮ್ಮ ಅದರ ತಲೆಯನ್ನು ಮಡಿಲಿಗೆ ಎಳೆದುಕೊಂಡು, "ಚುಕ್ಕೀ, ಯಾಕವ್ವಾ, ಏನಾಯ್ತವ್ವಾ," ಎನ್ನುತ್ತಿದ್ದಳು. ಪಶು ವೈದ್ಯರಿಗೆ ಫೋನು ಮಾಡುವಷ್ಟರಲ್ಲಿ ಎಲ್ಲ ಮುಗಿಯಿತು. ಹೊಸ ಮನೆಯ ಹೊಸ ರಂಗೋಲಿಯ ಮೇಲೆ ಸಾವು.

ಒಬ್ಬರು ಬಿಸಿಲು ಎಂದರು, ಒಬ್ಬರು ಪ್ಲಾಸ್ಟಿಕ್ ತಿಂದಿರಬೇಕು ಎಂದರು. ಕೊನೆಗೆ ನಿಂತ ಮಾತು ಬೇರೆ. "ಗೃಹಪ್ರವೇಶದ ದಿನ ಇಂಥದ್ದಾ? ಆ ಹಸುವಿನ ಕಾಲ್ಗುಣ ಸರಿಯಿಲ್ಲ. ಗಂಡ ಇಲ್ಲದೋಳ ಮನೆ ಹಸು ಬೇರೆ." ಆ ಮಾತನ್ನು ಆಡಿದವರಲ್ಲಿ ವಿಶಾಲಾಕ್ಷಮ್ಮನೂ ಒಬ್ಬರು.

ಕರುವನ್ನು ಸಣ್ಣಲಿಂಗಮ್ಮನ ಬೇಲಿಯ ಪಕ್ಕದಲ್ಲಿ ಹೂತರು. ಗುಂಡಿ ತೋಡಿದವನು ಮೂಡ್ಲಗಿರಿಯಪ್ಪ. ಯಾರೂ ಕರೆಯದೆ ತಾನೇ ಗುದ್ದಲಿ ತಂದ. ನಾನು ಮೊಪೆಡ್ಡಿನ ಮೇಲೆ ಕಟ್ಟಿಸಿಕೊಂಡು ನೋಡುತ್ತಿದ್ದೆ. ಬೆವರು ಸುರಿಯುವ ಅವನಿಗೆ ಸಣ್ಣಲಿಂಗಮ್ಮ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. "ನೀನಾದ್ರೂ ಬಂದ್ಯಲ್ಲಪ್ಪ," ಎಂದಳು. ಅವನು ಕುಡಿದ.

ಆ ಮಜ್ಜಿಗೆ ಗಂಟಲಲ್ಲಿ ಇಳಿಯುವ ಸದ್ದು ನನಗೆ ಕೇಳಿಸಿತು. ಇವತ್ತಿಗೂ ಕೇಳಿಸುತ್ತದೆ.

ಆಮೇಲೆ ಬಡಾವಣೆಯವರು ಗೃಹಪ್ರವೇಶಕ್ಕೆ ಪಕ್ಕದ ಹಳ್ಳಿಯಿಂದ ಬೇರೆ ಹಸುವನ್ನು ಟೆಂಪೋದಲ್ಲಿ ತರಿಸತೊಡಗಿದರು. ಸಣ್ಣಲಿಂಗಮ್ಮ ಯಾರನ್ನೂ ಏನೂ ಕೇಳಲಿಲ್ಲ. ಆದರೆ ಕೌಲೆಗೆ ಹೇಳುವವರು ಯಾರು? ಓಲಗ ಕೇಳಿದ ಕೂಡಲೇ ಹಗ್ಗ ಕಿತ್ತುಕೊಂಡು ಬರುತ್ತಿದ್ದಳು. ಶಾಮಿಯಾನದ ಮುಂದೆ, ಗೇಟಿನ ಹತ್ತಿರ, ಗೊರಸಿಗೆ ನೀರೆರೆಯಲೆಂದು ಮುಂಗಾಲು ಒಂದು ಹೆಜ್ಜೆ ಮುಂದಿಟ್ಟು ನಿಲ್ಲುತ್ತಿದ್ದಳು. ಹೆಂಗಸರು, "ಅಯ್ಯಯ್ಯೋ, ಅದೇ ಹಸು! ಓಡ್ಸಿ, ಓಡ್ಸಿ!" ಎನ್ನುವರು. ಯಾರೋ ಕೋಲು ಎತ್ತುವರು. ಸಣ್ಣಲಿಂಗಮ್ಮ ಏದುಸಿರು ಬಿಡುತ್ತ ಬಂದು, ತಲೆಯ ಮೇಲೆ ಸೆರಗೆಳೆದುಕೊಂಡು, ಹಗ್ಗ ಹಿಡಿದು ಕರೆದೊಯ್ಯುವಳು. ಒಂದು ಸಲ ನಾವು ಎದುರಿಗೇ ಸಿಕ್ಕೆವು. ಮೂಡ್ಲಗಿರಿಯಪ್ಪ ಮೊಪೆಡ್ಡು ನಿಲ್ಲಿಸಲಿಲ್ಲ.

ಅವನು ನನಗೆ ಮತ್ತೆಂದೂ ಬೆಲ್ಲ ಹಾಕಲಿಲ್ಲ. ತಾನೂ ಬೆಲ್ಲ ತಿನ್ನುವುದನ್ನು ಬಿಟ್ಟ. ಅವನ ಪಶ್ಚಾತ್ತಾಪ ಅಲ್ಲಿಗೆ ನಿಂತಿತು. ಬಿಟ್ಟ ಬೆಲ್ಲ ಯಾರಿಗೂ ಕಾಣುವುದಿಲ್ಲ; ಓಡಿಸಿಕೊಂಡ ಹಸು ಊರಿಗೆಲ್ಲ ಕಾಣುತ್ತದೆ.

ಒಂದು ವರ್ಷವಾಗಿರಬೇಕು, ಅವನು ಬ್ಯಾಟರಿಯ ಪ್ಲಾಸ್ಟಿಕ್ ಕ್ಯಾನು ಕೊಂಡ. ನನ್ನನ್ನು ನೋಡಲಾರದೆ ಹಾಗೆ ಮಾಡಿದನೆಂದು ನನ್ನ ಅನುಮಾನ. ನಾನು ಗುಜರಿ ಅಂಗಡಿ ಸೇರಿದೆ. ಗುಜರಿಯವನು ನನ್ನ ಪಂಪು, ಕೊಳವೆ, ಬೆನ್ನಿನ ಪಟ್ಟಿಗಳನ್ನೆಲ್ಲ ಕಿತ್ತು ಬೇರೆ ರಾಶಿಗೆ ಹಾಕಿದ. ಮುಚ್ಚಿದ್ದ ಕೊರಳನ್ನು ಉಳಿಯಿಂದ ಕತ್ತರಿಸಿ ಅಗಲ ಮಾಡಿದ. ಈಗ ನಾನು ನೋಡುವವರಿಗೆ ಒಂದು ಹಳೆಯ ಹಿತ್ತಾಳೆ ಹಂಡೆ. ಬಿಸಿಲಲ್ಲಿ ಬಿದ್ದು, ಯಾರಾದರೂ ಕರಗಿಸಲಿ ರಂಗಪ್ಪಾ ಎಂದು ಬೇಡಿಕೊಂಡೆ.

ಬಂದವಳು ಸಣ್ಣಲಿಂಗಮ್ಮ.

"ಗಟ್ಟಿ ಹಿತ್ತಾಳೆ. ಈಗೆಲ್ಲಿ ಸಿಕ್ತದೆ ಇಂಥದ್ದು," ಎಂದು ಒಡೆದ ಅಲ್ಯೂಮಿನಿಯಮ್ ಪಾತ್ರೆಗಳನ್ನು ಕೊಟ್ಟು ನನ್ನನ್ನು ಎತ್ತಿಕೊಂಡಳು. ಸೊಂಟದ ಮೇಲೆ ಇಟ್ಟುಕೊಂಡು, ಮಗುವನ್ನು ಹೊತ್ತಂತೆ ಹೊತ್ತು ನಡೆದಳು. ಹುಣಸೆಹಣ್ಣು, ಬೂದಿ ಹಾಕಿ ನನ್ನನ್ನು ಎರಡು ದಿನ ತಿಕ್ಕಿದಳು. ಆ ನೀಲಿ ಕಲೆಯೊಂದು ಬಿಟ್ಟು ನನ್ನ ಮೈ ಹುಟ್ಟಿದ ದಿನದಂತೆ ಹೊಳೆಯಿತು. ಆದರೆ ಒಳಗಿನ ಬೆಸುಗೆಯ ಸಂದಿಗಳಿಗೆ ಅವಳ ಬೆರಳು ಹೋಗಲಿಲ್ಲ. ಅಲ್ಲಿ ವರ್ಷಗಳ ವಿಷ ಗಟ್ಟಿಯಾಗಿ ಕೂತಿತ್ತು.

ಮೂರನೆಯ ದಿನ ನನಗೆ ತಿಳಿಯಿತು, ಅವಳು ನನ್ನನ್ನು ತಂದದ್ದು ಏಕೆಂದು. ಕೌಲೆ ಮತ್ತೆ ಕರು ಹಾಕಿದ್ದಳು. ಕರು ಆಗಲೇ ತೌಡು ಬಾಯಿಗೆ ಹಾಕುವಷ್ಟಾಗಿತ್ತು. ಸಣ್ಣಲಿಂಗಮ್ಮ ನನ್ನೊಳಗೆ ಬೂಸಾ, ತೌಡು, ಬಿಸಿನೀರು ಹಾಕಿ ಕೈಯಿಂದ ಕಲಸಿದಳು. ನನ್ನ ಸಂದಿಗಳು ಆ ಬಿಸಿಗೆ ಮೆತ್ತಗಾಗುತ್ತಿದ್ದವು. ಒಡೆದುಹೋಗಬಾರದೇ! ಸೋರಬಾರದೇ! ವೀರಾಚಾರಿಯವರು ಅಷ್ಟು ಗಟ್ಟಿ ಮಾಡಿದ್ದರು. ಕರು ಮೂಗು ಚಾಚುತ್ತ ಬಂತು.

ಅದೇ ಹೊತ್ತಿಗೆ ಬೇಲಿಯ ಹತ್ತಿರ ಮೊಪೆಡ್ಡಿನ ಸದ್ದು. ಕೊಟ್ಟಿಗೆಯಲ್ಲಿ ಉಣ್ಣೆಹುಳ ಜಾಸ್ತಿಯಾಗಿವೆ, ಬಾರಪ್ಪ ಎಂದು ಸಣ್ಣಲಿಂಗಮ್ಮನೇ ಹೇಳಿಕಳಿಸಿದ್ದಳಂತೆ. ಮೂಡ್ಲಗಿರಿಯಪ್ಪ ಹೊಸ ಕ್ಯಾನು ಹೆಗಲಿಗೆ ಹಾಕಿಕೊಂಡು, ನೆಲ ನೋಡುತ್ತ ಒಳಗೆ ಬಂದ. ತಲೆಯೆತ್ತಿದವನ ಕಣ್ಣು ನನ್ನ ಕೊರಳ ಕೆಳಗಿನ ನೀಲಿ ಕಲೆಯ ಮೇಲೆ ಬಿತ್ತು.

ಅವನು ಓಡಿಬಂದು ನನ್ನನ್ನು ಒದ್ದ. ಬೂಸಾ ಅಂಗಳದ ತುಂಬ ಚೆಲ್ಲಿತು. ಕರು ಬೆದರಿ ತಾಯಿಯ ಹೊಟ್ಟೆಯಡಿ ಸೇರಿತು.

"ಏನೋ ಬಂದಿರಾದು ನಿಂಗೆ! ಮೂಕಪ್ರಾಣಿ ಅನ್ನಕ್ಕೆ ಒದೀತೀಯಾ?" ಸಣ್ಣಲಿಂಗಮ್ಮ ಕೂಗಿದಳು.

"ಅಕ್ಕಾ, ಇದು ನನ್ ಕ್ಯಾನು."

"ನಿಂದಾದ್ರೆ ಕೇಳಿ ಇಸ್ಕಾ. ಒದೆಯಾದೇನು?"

ಅವನು ಅಲ್ಲೇ ಸಗಣಿ ನೆಲದ ಮೇಲೆ ಕೂತ. ಚೆಲ್ಲಿದ ಬೂಸಾವನ್ನು ಎರಡೂ ಕೈಯಿಂದ ಗೋರಿ ಗೋರಿ ಒಂದು ಕಡೆ ಮಾಡುತ್ತ ಹೇಳಿದ. ಬಾಗಿಲುವಾಡ, ಪಾಲಿಷ್, ಬೆಲ್ಲ, ಗಿಳಿ. ನೋಡಿಯೂ ಸುಮ್ಮನೆ ನಿಂತದ್ದು. ಯಾವುದನ್ನೂ ಬಿಡಲಿಲ್ಲ.

ಸಣ್ಣಲಿಂಗಮ್ಮ ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಆಮೇಲೆ ಕೇಳಿದಳು.

"ಗುಂಡಿ ತೋಡ್ದೋನು ನೀನೇ ಅಲ್ವೇನಪ್ಪ?"

"ಹೂಂನಕ್ಕ."

"ನಾನು ಮಜ್ಜಿಗೆ ಕೊಟ್ಟೆ."

"ಹೂಂ."

"ಕುಡ್ದೆ."

"ಕುಡ್ದೆ ಅಕ್ಕ."

ಅವಳು ಎದ್ದುಹೋಗಿ ಕೌಲೆಯ ಕೊರಳಿಗೆ ಕೈ ಹಾಕಿ ನಿಂತಳು. ಬೆನ್ನು ತಿರುಗಿಸಿಯೇ ಹೇಳಿದಳು: "ನಂಗೆ ಹೇಳಿದ್ರೆ ಏನು ಬಂತು? ಇವಳ ಕಾಲ್ಗುಣ ಸರಿಯಿಲ್ಲ ಅಂತ ನಾನು ಯಾವತ್ತೂ ಅಂದಿಲ್ಲ. ಅಂದೋರ ಮನೆಗೆ ಬಂದು ಹೇಳು. ಅದನ್ನೂ ತಗಾ." ಅದನ್ನೂ ಎಂದರೆ ನನ್ನನ್ನು.

ಬಡಾವಣೆಯ ನಡುರಸ್ತೆಯಲ್ಲಿ ಅವನು ನನ್ನನ್ನು ಹೆಗಲ ಮೇಲಿಟ್ಟುಕೊಂಡು ನಡೆದ. ಗೋಣಿ ಹೊದಿಸಲಿಲ್ಲ. ಸಣ್ಣಲಿಂಗಮ್ಮ ನಾಲ್ಕು ಹೆಜ್ಜೆ ಹಿಂದೆ. ಶಾಂತವೀರಪ್ಪನವರ ಮನೆಯ ಜಗಲಿಯಲ್ಲಿ ನಾಲ್ಕಾರು ಹೆಂಗಸರು ಹೂ ಕಟ್ಟುತ್ತ ಕೂತಿದ್ದರು. ಅವನು ನನ್ನನ್ನು ಮೆಟ್ಟಿಲ ಮೇಲಿಟ್ಟು, ಕೈಕಟ್ಟಿ, ಎಲ್ಲವನ್ನೂ ಮತ್ತೆ ಹೇಳಿದ. ಎರಡನೆಯ ಸಲ ಹೇಳುವುದು ಸುಲಭವೆಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ; ಬೆಲ್ಲದ ಮಾತಿಗೆ ಬಂದಾಗ ಅವನು ಎರಡು ಸಲ ಮೊದಲಿನಿಂದ ಶುರುಮಾಡಿದ.

ವಿಶಾಲಾಕ್ಷಮ್ಮನ ಕೈಯ ಹೂವು ಜಾರಿತು. "ನೀವೇ ಒಣಗಿದ್ರೆ ಏನೂ ಇಲ್ಲ ಅಂದ್ರಲ್ರೀ!"

"ಹೌದು ತಾಯಿ. ನಾನೇ ಅಂದೆ."

"ನಾನು ಕೇಳಿದ್ದೆ ತಾನೆ?"

"ಕೇಳಿದ್ರಿ. ತಪ್ಪು ನಂದು. ಆ ಹಸೂದಲ್ಲ."

ಆಕೆ ಇನ್ನೇನೋ ಹೇಳಹೋಗಿ, ಮೆಟ್ಟಿಲ ಕೆಳಗೆ ನಿಂತ ಸಣ್ಣಲಿಂಗಮ್ಮನನ್ನು ಕಂಡು ಎದ್ದು ನಿಂತರು. ಸಣ್ಣಲಿಂಗಮ್ಮ ಕ್ಷಮೆ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. "ಕರುಗೆ ಬೇರೆ ಬೂಸಾ ಕಲಸ್ಬೇಕು," ಎಂದು ತಿರುಗಿ ನಡೆದಳು.

ಮೂಡ್ಲಗಿರಿಯಪ್ಪನ ಕೆಲಸ ಅರ್ಧಕ್ಕರ್ಧ ನಿಂತಿತು. ಕರೆದವರಿಗೂ ಈಗ ಅವನು ಮೊದಲು ಹೇಳುವುದು, "ಮೂರು ದಿನ ಬಾಗ್ಲು ಹಾಕ್ತೀರಾ? ಇಲ್ಲಾಂದ್ರೆ ಹೊಡೆಯಲ್ಲ," ಎಂದು. ನನ್ನನ್ನು ಮತ್ತೆ ಗುಜರಿಗೆ ಹಾಕಲು ಹೊರಟಾಗ ಸಣ್ಣಲಿಂಗಮ್ಮನೇ ತಡೆದಳು. "ಬ್ಯಾಡ. ಇನ್ಯಾರೋ ತಗಂಡು ಹುಣಸೆಹಣ್ಣು ಹಾಕಿ ತಿಕ್ತಾರೆ." ಅವನು ಒಂದು ದೊಡ್ಡ ಮೊಳೆ ತಂದು, ನನ್ನ ತಳಕ್ಕೆ ಐದು ತೂತು ಹೊಡೆದ. ವೀರಾಚಾರಿಯವರ ಮಾತು ಅಲ್ಲಿಗೆ ಮುರಿಯಿತು. ಸೋರದೆ ಇದ್ದದ್ದೇ ನನ್ನ ಪುಣ್ಯವೆಂದುಕೊಂಡಿದ್ದ ನಾನು, ಸೋರುವಂತಾದ ದಿನ ಮೊದಲ ಸಲ ಹಗುರಾದೆ. ಚುಕ್ಕಿಯನ್ನು ಹೂತ ಜಾಗದ ಬೇಲಿ ಗೂಟಕ್ಕೆ ನನ್ನನ್ನು ಬೋರಲು ಹಾಕಿದರು.

ಕಾರ್ತಿಕದ ಒಂದು ಬೆಳಿಗ್ಗೆ ಬಡಾವಣೆಯ ಆ ತುದಿಯಲ್ಲಿ ಓಲಗ ಕೇಳಿಸಿತು. ಕೌಲೆ ಎದ್ದು ನಿಂತಳು. ಸಣ್ಣಲಿಂಗಮ್ಮ ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಬಿಗಿದಳು. ಆಗ ಬೇಲಿಯ ಆಚೆ ವಿಶಾಲಾಕ್ಷಮ್ಮ ಬಂದು ನಿಂತರು, ರೇಷ್ಮೆ ಸೀರೆಯಲ್ಲಿ, ಬರಿಗಾಲಲ್ಲಿ. "ನಮ್ಮ ಹಿಂದಿನ ಬೀದಿಯೋರ ಮನೆ. ಹಸೂನ ನಾನೇ ಕರ್ಕೊಂಡು ಬರ್ತೀನಿ ಅಂತ ಹೇಳಿ ಬಂದೆ," ಎಂದರು. ಸಣ್ಣಲಿಂಗಮ್ಮ ಹಗ್ಗದ ಬಿಗಿ ಸಡಿಲಿಸಿದಳು. ಅರಿಶಿನದ ಬಟ್ಟಲು ತರಲು ಒಳಗೆ ಹೋದಳು.

ಅಲ್ಲಿ ಏನಾಯಿತೋ ನಾನು ಕಾಣೆ. ಗೂಟ ಬಿಟ್ಟು ನಾನೆಲ್ಲಿ ಹೋಗಲಿ? ಬಿಸಿಲೇರುವ ಹೊತ್ತಿಗೆ ಅವರು ತಿರುಗಿ ಬಂದರು. ಕೌಲೆಯ ಗೊರಸುಗಳು ಒದ್ದೆಯಾಗಿದ್ದವು. ಹಣೆಯ ಮೇಲೆ ಕುಂಕುಮವಿತ್ತು.

ಈಗ ನನ್ನ ಮೈಮೇಲೆ ಗೆದ್ದಲು ಮಣ್ಣಿನ ಗೆರೆ ಎಳೆಯುತ್ತಿದೆ. ಹಿತ್ತಾಳೆಯನ್ನು ತಿನ್ನಲು ಅದಕ್ಕೆ ಬಾರದು. ಸುಮ್ಮನೆ ದಾರಿ ಮಾಡಿಕೊಂಡು ಹೋಗುತ್ತದೆ. ಹೋಗಲಿ. ಕರು ಮಾತ್ರ ದಿನಕ್ಕೊಮ್ಮೆ ಹೊಳಪು ಕಂಡು ನನ್ನ ಕಡೆ ಬರುತ್ತದೆ, ನೆಕ್ಕಲು ನಾಲಗೆ ಚಾಚುತ್ತದೆ. ಬೆಳಗಿನಿಂದ ಬಿಸಿಲು ಕುಡಿದು ನಾನು ಕೆಂಡದಂತೆ ಕಾದಿರುತ್ತೇನೆ. ಅದು ಮೂಗು ತಾಗಿಸಿ, ಬೆಚ್ಚಿ, ಹಿಂದಕ್ಕೆ ಹಾರಿ, ತಾಯಿಯ ಹತ್ತಿರ ಓಡುತ್ತದೆ. ಮೋಡ ಮುಚ್ಚಿದ ದಿನ ಸಣ್ಣಲಿಂಗಮ್ಮ ನನ್ನ ಮೇಲೆ ಮುಳ್ಳು ಹೇರುತ್ತಾಳೆ. ಮಿಕ್ಕ ದಿನವೆಲ್ಲ ಕರುವನ್ನು ನನ್ನ ವಿಷದಿಂದ ದೂರವಿಡುವುದು ನನ್ನ ಕೆಲಸ. ರಂಗಪ್ಪಾ, ನನಗೆ ಉಳಿದಿರುವ ಸೇವೆ ಇದೊಂದೇ. ಬಿಸಿಲು ಚೆನ್ನಾಗಿ ಕೊಡು.